ಅರಿವಿನ ನೆಲಕ್ಕೆ ಬದುಗಳಿಲ್ಲ

ರೈತನು ತನ್ನ ಹೊಲಕ್ಕೆ ಬದು ಹಾಕಿಕೊಳ್ಳುತ್ತಾನೆ. ಬದು ಬೇಕು. ಅದಿಲ್ಲದಿದ್ದರೆ ಮಣ್ಣು ಕೊಚ್ಚಿಹೋಗುತ್ತದೆ, ನೆರೆಹೊರೆಯವರಲ್ಲಿ ವ್ಯಾಜ್ಯ ಹುಟ್ಟುತ್ತದೆ. ಆದರೆ ಬದುವಿನ ಕೆಳಗಿರುವ ನೆಲ ಒಂದೇ. ಆಳದಲ್ಲಿ ಹರಿಯುವ ನೀರು ಇದು ಯಾರ ಸರ್ವೆ ನಂಬರು ಎಂದು ಕೇಳಿ ಹರಿಯುವುದಿಲ್ಲ. ವಿದ್ಯೆಯ ಮಾತೂ ಹೀಗೆಯೇ. ಕಲೆ, ವಿಜ್ಞಾನ, ತತ್ತ್ವಶಾಸ್ತ್ರ ಎಂದು ನಾವು ಕಲಿಕೆಯ ಅನುಕೂಲಕ್ಕಾಗಿ ಬದುಗಳನ್ನು ಹಾಕಿಕೊಂಡಿದ್ದೇವೆ. ಆದರೆ ಮನುಷ್ಯನ ಮನಸ್ಸಿನಲ್ಲಿ ಹುಟ್ಟುವ ಪ್ರಶ್ನೆಗೆ ಆ ಬದುಗಳ ಪರಿವೆ ಇರುವುದಿಲ್ಲ.

ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ನಮ್ಮ ಹಳ್ಳಿಗಳ ಮನೆಮನೆಯಲ್ಲಿ ನಡೆಯುವ ಚರ್ಚೆ ಹಿರಿಯರಾದ ತಮಗೆ ತಿಳಿಯದ್ದೇನೂ ಅಲ್ಲ. “ಸಾಯನ್ಸ್ ತಗೊಂಡರ ಶ್ಯಾಣ್ಯಾ, ಆರ್ಟ್ಸ್ ತಗೊಂಡರ ದಡ್ಡ” ಎಂಬ ಮಾತು ಕಟ್ಟೆಯ ಮೇಲೆ ಕುಳಿತವರ ಬಾಯಿಂದ ಸಲೀಸಾಗಿ ಹೊರಡುತ್ತದೆ. ಅದನ್ನು ಕೇಳಿದ ಮಗು ತಲೆ ತಗ್ಗಿಸುತ್ತದೆ. ಹಾಡಿನಲ್ಲಿ, ಚರಿತ್ರೆಯಲ್ಲಿ ಮನಸ್ಸಿದ್ದ ಹುಡುಗ ಒಲ್ಲದ ಮನಸ್ಸಿನಿಂದ ಬೇರೆ ದಾರಿ ಹಿಡಿಯುತ್ತಾನೆ. ಯಂತ್ರದ ಮರ್ಮ ತಿಳಿಯಬೇಕೆಂದಿದ್ದ ಹುಡುಗಿಗೆ “ನಿನಗ್ಯಾಕವ್ವ ಅದೆಲ್ಲಾ” ಎಂಬ ಉತ್ತರ ಸಿಗುತ್ತದೆ. ಎರಡೂ ಕಡೆ ನಷ್ಟವಾಗುವುದು ಒಂದೇ ವಸ್ತು. ಅದು ಆ ಮಗುವಿನ ಪ್ರಶ್ನೆ.

ಒಂದು ಪ್ರಶ್ನೆಯು ಬದುಗಳನ್ನು ದಾಟಿ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ನಾವು ಇಲ್ಲಿ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಅದು ತಾವು ಭಜನೆಯಲ್ಲಿ, ಶಿವಕೀರ್ತನೆಯಲ್ಲಿ ನಿತ್ಯ ಕೇಳುವ ತಬಲ, ಮೃದಂಗಗಳಿಗೆ ಸಂಬಂಧಿಸಿದ್ದು. ಹಲಗೆಯ ನಾದದಲ್ಲಿ ಗಾಂಭೀರ್ಯವುಂಟು, ಆದರೆ ಅದರಲ್ಲಿ ‘ಸ’ ಎಲ್ಲಿದೆ ಎಂದು ಹಿಡಿದು ತೋರಿಸಲಾಗದು. ತಬಲ, ಮೃದಂಗಗಳನ್ನಾದರೋ ಗಾಯಕನ ಶ್ರುತಿಗೆ ಕೂಡಿಸಬಹುದು. ಎರಡೂ ಚರ್ಮವಾದ್ಯಗಳೇ. ಹೀಗಿರುವಾಗ ಈ ಭೇದ ಬಂದುದು ಹೇಗೆ?

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಸರ್ ಸಿ.ವಿ. ರಾಮನ್. ಅವರ ತಂದೆ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರ ಕಲಿಸುತ್ತಿದ್ದರು, ಮನೆಯಲ್ಲಿ ಪಿಟೀಲು ನುಡಿಸುತ್ತಿದ್ದರು. ಪತ್ನಿ ಲೋಕಸುಂದರಿಯವರು ವೀಣೆ ಬಲ್ಲವರು. 1907ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ರಾಮನ್ ಕಲ್ಕತ್ತೆಯಲ್ಲಿ ಸರಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಸೇರಿದರು. ಆ ನಗರದ ಬೌಬಜಾರ್ ರಸ್ತೆಯಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಸ್ಥಾಪಿಸಿದ್ದ ಒಂದು ವಿಜ್ಞಾನ ಸಂಸ್ಥೆ ಇತ್ತು. ಭಾರತೀಯರೇ ಅಲ್ಲಿ ಸಂಶೋಧನೆ ನಡೆಸಬೇಕೆಂಬ ಹಂಬಲವನ್ನು ಹೊತ್ತ ಆ ವೈದ್ಯರು 1904ರಲ್ಲಿ ತೀರಿಕೊಂಡರು. ಮೂರು ವರ್ಷಗಳ ನಂತರ ರಾಮನ್ ಆ ಬಾಗಿಲು ತಟ್ಟಿದರು. ಹಗಲೆಲ್ಲ ಕಚೇರಿಯ ಲೆಕ್ಕಪತ್ರ, ಬೆಳಗಿನ ಜಾವ ಮತ್ತು ಸಂಜೆ ಪ್ರಯೋಗಶಾಲೆ. ಹೀಗೆ ಸುಮಾರು ಹತ್ತು ವರ್ಷ ನಡೆಯಿತು. ಅಲ್ಲಿ ಅವರಿಗೆ ನೆರವಾದ ಆಶುತೋಷ ಡೇ ಅವರು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಆದರೂ ಸಂಶೋಧನಾ ಪ್ರಬಂಧದಲ್ಲಿ ರಾಮನ್ನರ ಹೆಸರಿನೊಡನೆ ಅವರ ಹೆಸರೂ ಅಚ್ಚಾಯಿತು. 1917ರಲ್ಲಿ ರಾಮನ್ ಹೆಚ್ಚು ಸಂಬಳದ ಸರಕಾರಿ ಹುದ್ದೆಯನ್ನು ಬಿಟ್ಟು, ಕಡಿಮೆ ಸಂಬಳದ ಪ್ರಾಧ್ಯಾಪಕ ಪೀಠವನ್ನು ಸ್ವೀಕರಿಸಿದರು.

ಪಿಟೀಲು, ವೀಣೆ, ತಂಬೂರಿಗಳ ನಾದವನ್ನು ಅವರು ಅಭ್ಯಸಿಸಿದರು. 1920ರಲ್ಲಿ ನಮ್ಮ ಚರ್ಮವಾದ್ಯಗಳನ್ನು ಕುರಿತ ಅವರ ಲೇಖನ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಬಂದಿತು. 1934ರಲ್ಲಿ, ಬೆಂಗಳೂರಿಗೆ ಬಂದ ಮೇಲೆ, ಅದೇ ವಿಷಯವನ್ನು ಕುರಿತು ಇನ್ನೂ ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದರು.

ಅವರು ಕಂಡುಕೊಂಡದ್ದೇನು? ಏಕತಾರಿಯ ತಂತಿಯನ್ನು ಮೀಟಿದಾಗ ಅದು ಇಡಿಯಾಗಿ ಕಂಪಿಸುವುದಲ್ಲದೆ ಎರಡು ಭಾಗವಾಗಿ, ಮೂರು ಭಾಗವಾಗಿಯೂ ಕಂಪಿಸುತ್ತದೆ. ಮೂಲ ಕಂಪನ ಕ್ಷಣಕ್ಕೆ 100 ಆದರೆ ಉಳಿದವು 200, 300 ಆಗುತ್ತವೆ. ಈ ಸರಿ ಲೆಕ್ಕವನ್ನು ಕಿವಿಯು ಒಂದೇ ಸ್ವರವೆಂದು ಗ್ರಹಿಸುತ್ತದೆ. ಬಿಗಿದ ಬರಿಯ ಚರ್ಮದಲ್ಲಾದರೋ ಮೂಲ ಕಂಪನ 100 ಇದ್ದರೆ ಮುಂದಿನವು ಸುಮಾರು 159, 214, 230 ಹೀಗೆ ಅಡ್ಡಾದಿಡ್ಡಿಯಾಗುತ್ತವೆ. ಕಿವಿಗೆ ಸ್ವರ ನಿಲುಕುವುದಿಲ್ಲ. ನಮ್ಮ ತಬಲದ ನಡುವೆ, ಮೃದಂಗದ ಬಲಮುಖದ ಮೇಲೆ ಕಪ್ಪನೆಯ ಲೇಪವೊಂದು ಇರುತ್ತದೆ. ತಬಲದವರು ಅದಕ್ಕೆ ‘ಶಾಯಿ’ ಎನ್ನುವರು. ಪದರ ಪದರವಾಗಿ ಹಚ್ಚಿ, ಉಜ್ಜಿ, ನಡುವೆ ದಪ್ಪ ಅಂಚಿಗೆ ತೆಳುವಾಗಿ ಇಳಿಸಿದ ಆ ಲೇಪದ ಭಾರವು ಚರ್ಮದ ಕಂಪನಗಳನ್ನು ತಿದ್ದಿ 1, 2, 3, 4, 5ರ ಸರಿ ಲೆಕ್ಕಕ್ಕೆ ತರುತ್ತದೆ. ರಾಮನ್ ವಾದ್ಯದ ಮುಖದ ಮೇಲೆ ನುಣ್ಣನೆಯ ಮರಳು ಉದುರಿಸಿ, ಪೆಟ್ಟು ಬಿದ್ದಾಗ ಆ ಮರಳು ಯಾವ ಗೆರೆಗಳಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ ಇದನ್ನು ತೋರಿಸಿಕೊಟ್ಟರು.

ಈಗ ನಾವು ಯೋಚಿಸಬೇಕಾದ ಮಾತು ಇದು. ಆ ಲೇಪವನ್ನು ಕಂಡುಹಿಡಿದವರು ಯಾರು? ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಮೃದಂಗದ ಮುಖಕ್ಕೆ ನದೀತೀರದ ಕಪ್ಪು ಮಣ್ಣನ್ನು ಲೇಪಿಸುವ ವಿಧಾನವಿದೆ. ತಲೆಮಾರುಗಳಿಂದ ಚರ್ಮ ಹದ ಮಾಡಿ, ಲೇಪ ಅರೆದು, ಕಿವಿಯನ್ನೇ ಗುರುವಾಗಿಟ್ಟುಕೊಂಡು ವಾದ್ಯ ಕಟ್ಟಿದ ಕಾಯಕಜೀವಿಗಳ ಕೈಯಲ್ಲಿ ಆ ಜ್ಞಾನ ಉಳಿದು ಬೆಳೆಯಿತು. ಅವರ ಹೆಸರುಗಳು ಯಾವ ಗ್ರಂಥದಲ್ಲಿಯೂ ಇಲ್ಲ. ಚರ್ಮ ಮುಟ್ಟುವ ಕೈ ಎಂದು ಸಮಾಜ ಅವರನ್ನು ದೂರವಿಟ್ಟಿತು, ಆದರೆ ಅವರ ವಾದ್ಯದ ನಾದವನ್ನು ಗುಡಿಯೊಳಗೆ ಬರಮಾಡಿಕೊಂಡಿತು. ಆ ಕೈಯ ಜಾಣ್ಮೆಗೆ ಗಣಿತದ ಸಾಕ್ಷಿ ಒದಗಿಸಿದ್ದು ವಿಜ್ಞಾನ. ಕಲೆಯ ಶಾಸ್ತ್ರ, ಕೈಯ ಕಾಯಕ, ಪ್ರಯೋಗಶಾಲೆಯ ಲೆಕ್ಕ ಇವು ಮೂರೂ ಒಂದೇ ವಾದ್ಯದ ಮುಖದ ಮೇಲೆ ಕೂಡಿದವು.

ಇದನ್ನು ಕೇಳಿ ಕೆಲವರು “ನಮ್ಮ ಹಿಂದಿನವರಿಗೆ ಎಲ್ಲವೂ ತಿಳಿದಿತ್ತು” ಎಂದು ಎದೆಯುಬ್ಬಿಸುವುದುಂಟು. ಅಷ್ಟಕ್ಕೇ ನಿಂತರೆ ಆಲಸ್ಯವಾಗುತ್ತದೆ. ರಾಮನ್ ಹಳೆಯದೆಂದು ಕಣ್ಣು ಮುಚ್ಚಿ ಒಪ್ಪಲಿಲ್ಲ, ಹಳೆಯದೆಂದು ತಳ್ಳಿಹಾಕಲೂ ಇಲ್ಲ. ಮರಳು ಉದುರಿಸಿ ನೋಡಿದರು. ಪರೀಕ್ಷೆಗೆ ಒಡ್ಡಿದ್ದರಿಂದಲೇ ಆ ಹಳೆಯ ಜ್ಞಾನದ ಮರ್ಯಾದೆ ಹೆಚ್ಚಿತು.

ತತ್ತ್ವಶಾಸ್ತ್ರವೂ ಇದನ್ನೇ ಹೇಳುತ್ತದೆ. ಗೌತಮಮುನಿಯ ನ್ಯಾಯದರ್ಶನದಲ್ಲಿ ತಿಳಿಯಬೇಕಾದ ಹದಿನಾರು ಪದಾರ್ಥಗಳನ್ನು ಎಣಿಸಿದ್ದಾರೆ. ಪ್ರಮಾಣ ಮೊದಲನೆಯದು, ಪ್ರಮೇಯ ಎರಡನೆಯದು, ಮೂರನೆಯದೇ ಸಂಶಯ! ಸಂಶಯದಿಂದ ಹೊರಟ ವಿಚಾರವು ನಿರ್ಣಯವನ್ನು ಮುಟ್ಟಬೇಕೆಂಬುದು ಆ ದರ್ಶನದ ಮಾರ್ಗ. ನಿರ್ಣಯವೂ ಆ ಹದಿನಾರರಲ್ಲಿ ಒಂದು. ಸಂಶಯವನ್ನು ಪಾಪವೆಂದು ಅವರು ಬಗೆಯಲಿಲ್ಲ, ವಿಚಾರದ ಬಾಗಿಲೆಂದು ಬಗೆದರು. ಮೊಮ್ಮಗ “ಯಾಕ ಅಜ್ಜಾ?” ಎಂದು ಕೇಳಿದಾಗ “ಸುಮ್ಮನಿರು, ಎದುರುಮಾತಾಡಬ್ಯಾಡ” ಎಂದು ಗದರುವ ನಾವು ಆ ಬಾಗಿಲನ್ನು ಮುಚ್ಚುತ್ತಿದ್ದೇವೆ ಎಂಬುದನ್ನು ಮರೆಯಬಾರದು.

“ಇದರಿಂದ ಹೊಟ್ಟೆ ತುಂಬೀತೇ?” ಎಂದು ಕೇಳುವವರ ಮಾತನ್ನೂ ನಾವು ತಳ್ಳಿಹಾಕುವುದಿಲ್ಲ. ಸಾಲ ಮಾಡಿ, ಹೊಲ ಮಾರಿ ಮಕ್ಕಳನ್ನು ಓದಿಸುವ ತಂದೆತಾಯಿಗಳ ಚಿಂತೆ ನಿಜವಾದದ್ದು. ರಾಮನ್ ಕೂಡ ಹತ್ತು ವರ್ಷ ನೌಕರಿಯನ್ನು ಬಿಡಲಿಲ್ಲ. ಹೊಟ್ಟೆಗೆ ದುಡಿಯುತ್ತಲೇ ಪ್ರಶ್ನೆಯನ್ನು ಜೀವಂತವಾಗಿಟ್ಟರು. 1928ರ ಫೆಬ್ರವರಿ 28ರಂದು ಬೆಳಕಿನ ರಹಸ್ಯವೊಂದನ್ನು ಅದೇ ಬೌಬಜಾರಿನ ಕಟ್ಟಡದಲ್ಲಿ ಕಂಡರು. 1930ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ನಾದದ ಅಲೆಗಳಲ್ಲಿ ಪಳಗಿದ ಬುದ್ಧಿಯೇ ಬೆಳಕಿನ ಮರ್ಮವನ್ನೂ ಅರಸಿತು.

ಆದುದರಿಂದ ಹಿರಿಯರಾದ ತಮ್ಮಲ್ಲಿ ನಮ್ಮ ವಿನಂತಿ ಇಷ್ಟೇ. ಮಗು ಯಾವ ವಿಭಾಗ ಹಿಡಿಯಿತು ಎಂದು ಕೇಳುವ ಮೊದಲು ಅದು ಯಾವ ಪ್ರಶ್ನೆ ಹಿಡಿದಿದೆ ಎಂದು ಕೇಳಿರಿ. ಕಲೆ ಓದುವವನನ್ನು ಹಳಿಯಬೇಡಿರಿ, ವಿಜ್ಞಾನ ಓದುವವಳನ್ನು ಹಾಡಿನಿಂದ ದೂರವಿಡಬೇಡಿರಿ. ಊರಿನಲ್ಲಿ ವಾದ್ಯ ಕಟ್ಟುವವರಿದ್ದರೆ ಮಕ್ಕಳನ್ನು ಅವರ ಬಳಿಗೆ ಕಳಿಸಿರಿ, ಆ ಹಿರಿಯರನ್ನು ಗೌರವದಿಂದ ಮಾತನಾಡಿಸುವುದನ್ನು ಕಲಿಸಿರಿ. ತಮಗೆ ತಿಳಿಯದ ಪ್ರಶ್ನೆಯನ್ನು ಮಗು ಕೇಳಿದರೆ “ನನಗೂ ಗೊತ್ತಿಲ್ಲ, ತಿಳಕೊಂಡು ಬಂದು ನನಗೂ ಹೇಳಪ್ಪ” ಎನ್ನಿರಿ. ಇಷ್ಟು ಮಾತು ಸಾಕು, ಮಗುವಿನ ಪ್ರಶ್ನೆ ಬದುಕಿ ಉಳಿಯುತ್ತದೆ.