ಪುಕ್ಕಟೆ ಪ್ರಣಯದ ಬೆಲೆ

ಗಂಡು ಹೆಣ್ಣುಗಳ ಸಂಬಂಧವನ್ನು ಕುದುರಿಸಲು ಮಧ್ಯಸ್ಥರು ಬೇಕೆಂಬುದು ಬಹುಕಾಲದ ರೂಢಿ. ನಮ್ಮಲ್ಲಿ ಸೋದರಮಾವನೋ ಪುರೋಹಿತರೋ ಊರ ಹಿರಿಯರೋ ನಡೆಯಿಸುತ್ತಿದ್ದ ಈ ಕಾರ್ಯವನ್ನು ಈಗ ಬಹುಮಟ್ಟಿಗೆ ಅಂತರ್ಜಾಲದ ತಾಣಗಳು ವಹಿಸಿಕೊಂಡಿವೆ. ಅವುಗಳಲ್ಲಿ ಹಣ ಪಡೆದು ಪರಿಚಯ ಮಾಡಿಸುವವು ಕೆಲವು; ಕಾಸಿಲ್ಲದೆ ಮಾಡಿಸುತ್ತೇವೆಂದು ಸಾರುವವು ಕೆಲವು. ಹಣ ಕೇಳುವ ದಲ್ಲಾಳಿಯನ್ನು ಲೋಕವು ಎಚ್ಚರದಿಂದ ಕಾಣುತ್ತದೆ. ಕೇಳದವನನ್ನು ಉಪಕಾರಿಯೆಂದು ನಂಬಿಬಿಡುತ್ತದೆ. ಈ ನಂಬಿಕೆಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಅಮೆರಿಕಾ ದೇಶದ ಓಕೆಕ್ಯುಪಿಡ್ ಎಂಬ ತಾಣದ ಚರಿತ್ರೆಯಿಂದ ಪರಿಶೀಲಿಸಬಹುದು.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಲಿತ ನಾಲ್ವರು ತರುಣರು 2004ರಲ್ಲಿ ಈ ತಾಣವನ್ನು ಆರಂಭಿಸಿದರು. ಅವರ ಬಂಡವಾಳವು ಗಣಿತ. ಪ್ರತಿಯೊಂದು ಪ್ರಶ್ನೆಗೂ ಸದಸ್ಯನು ತನ್ನ ಉತ್ತರವೇನು, ಸಂಗಾತಿಯಿಂದ ತಾನು ಒಪ್ಪತಕ್ಕ ಉತ್ತರವೇನು, ಆ ಪ್ರಶ್ನೆಯು ತನಗೆಷ್ಟು ಮುಖ್ಯ ಎಂಬ ಮೂರು ಸಂಗತಿಗಳನ್ನು ತಿಳಿಸಬೇಕು. ಅಲ್ಪ ಮುಖ್ಯವಾದುದಕ್ಕೆ 1 ಅಂಕ, ಅದಕ್ಕಿಂತ ಮೇಲಾದುದಕ್ಕೆ 10, ಬಹು ಮುಖ್ಯವಾದುದಕ್ಕೆ 50, ಬಿಡಲಾಗದುದಕ್ಕೆ 250 ಎಂದು ಮೊದಲ ವರ್ಷಗಳಲ್ಲಿ ಅವರು ಗೊತ್ತುಮಾಡಿದ್ದರು. ಒಬ್ಬರಿಗೆ ಇನ್ನೊಬ್ಬರು ನೂರಕ್ಕೆ ಎಷ್ಟು ಒಪ್ಪಿಗೆಯೆಂಬುದನ್ನು ಎರಡು ಕಡೆಯಿಂದಲೂ ಲೆಕ್ಕಹಾಕಿ, ಗುಣಿಸಿ, ವರ್ಗಮೂಲವನ್ನು ತೆಗೆಯುವರು. ಒಂದು ಕಡೆ 90, ಮತ್ತೊಂದು ಕಡೆ 40 ಬಂದರೆ ಸಾಮಾನ್ಯ ಸರಾಸರಿಯಂತೆ 65 ಆಗಬೇಕು. ಈ ಕ್ರಮದಲ್ಲಿ 60 ಮಾತ್ರವೇ ಆಗುತ್ತದೆ. ಒಬ್ಬರ ಮೋಹವು ಇನ್ನೊಬ್ಬರ ಅನಾದರವನ್ನು ಮುಚ್ಚಿಹಾಕಬಾರದೆಂಬ ಈ ನಿಯಮದಲ್ಲಿ ವಿವೇಕವಿದೆಯೆಂದು ಒಪ್ಪಲೇಬೇಕು.

ಇನ್ನು ಸದಸ್ಯರ ವಿಷಯ. 2010ರಲ್ಲಿ ಈ ತಾಣದವರೇ ತಮ್ಮ ಲೆಕ್ಕಪತ್ರಗಳನ್ನು ಶೋಧಿಸಿ, ಜನರು ತಮ್ಮ ಎತ್ತರವನ್ನು ಸುಮಾರು ಎರಡು ಅಂಗುಲ ಹೆಚ್ಚಿಸಿ ಹೇಳುವರೆಂದೂ, ವರಮಾನವನ್ನು ಹಿಗ್ಗಿಸುವರೆಂದೂ, ಹಳೆಯ ಭಾವಚಿತ್ರಗಳನ್ನು ಹೊಸವೆಂಬಂತೆ ತೋರಿಸುವರೆಂದೂ ಪ್ರಕಟಿಸಿದರು. ಜಾತಕದಲ್ಲಿ ವರ್ಷವೆರಡನ್ನು ಕಳೆಯುವ, ಸಂಬಳಕ್ಕೆ ಮೇಲುಸಂಪಾದನೆಯನ್ನು ಸೇರಿಸಿ ಹೇಳುವ ನಾವು ಇದನ್ನು ಕೇಳಿ ನಗುವುದಕ್ಕೆ ಅಧಿಕಾರಿಗಳಲ್ಲ. ಇವು ಆಸೆಯಿಂದ ಹುಟ್ಟಿದ ಸಣ್ಣ ಸುಳ್ಳುಗಳು. ಮುಖಾಮುಖಿಯಾದ ಮೊದಲ ದಿನವೇ ಬಯಲಾಗತಕ್ಕವು.

ಆದರೆ ಮಧ್ಯಸ್ಥನೇ ಸುಳ್ಳು ಹೇಳಿದರೆ? 2014ರ ಜುಲೈ ತಿಂಗಳಲ್ಲಿ ಸ್ಥಾಪಕರಲ್ಲೊಬ್ಬರಾದ ಕ್ರಿಶ್ಚಿಯನ್ ರಡರ್ ಅವರು, ತಾವು ಸದಸ್ಯರ ಮೇಲೆ ಪ್ರಯೋಗಗಳನ್ನು ನಡೆಯಿಸಿದ್ದುಂಟೆಂದು ಬಹಿರಂಗವಾಗಿ ಬರೆದರು. ನೂರಕ್ಕೆ 30ರಷ್ಟು ಮಾತ್ರ ಹೊಂದಿಕೆಯಿದ್ದ ಕೆಲವರಿಗೆ 90ರಷ್ಟು ಹೊಂದಿಕೆಯಿದೆಯೆಂದು ತೋರಿಸಲಾಗಿತ್ತು. ಪರಿಣಾಮವೇನೆಂದರೆ, ಒಂದು ಓಲೆಯಿಂದ ಆರಂಭವಾಗಿ ನಾಲ್ಕು ಓಲೆಗಳವರೆಗೆ ಬೆಳೆದ ಸಂಭಾಷಣೆಗಳು ನೂರಕ್ಕೆ 10ರಿಂದ 17ಕ್ಕೆ ಏರಿದವು. ನಿಜವಾಗಿಯೂ 90 ಇದ್ದು 90 ಎಂದೇ ತೋರಿಸಿದವರಲ್ಲಿ ಅದು 20. ಅಂದಮೇಲೆ ಗಣಿತವು ಮಾಡುವ ಕೆಲಸದ ಬಹುಭಾಗವನ್ನು ಗಣಿತದ ಮೇಲಿನ ನಂಬಿಕೆಯೇ ಮಾಡಿಬಿಡುತ್ತದೆ! ಪ್ರಯೋಗವು ಮುಗಿದ ಬಳಿಕ ಸದಸ್ಯರಿಗೆ ಸರಿಯಾದ ಅಂಕವನ್ನು ತಿಳಿಸಲಾಯಿತು. ಅಂತರ್ಜಾಲದ ತಾಣಗಳೆಲ್ಲವೂ ಹೀಗೆಯೇ ನಡೆಯುವುವೆಂಬುದು ರಡರ್ ಅವರ ಸಮಾಧಾನ. ಎಲ್ಲರೂ ಮಾಡುತ್ತಾರೆಂಬುದು ತಪ್ಪಿಗೆ ವಿವರಣೆಯಾದೀತೇ ಹೊರತು ಸಮರ್ಥನೆಯಾಗಲಾರದು. ಅಪರಿಚಿತರೊಡನೆ ಮನಸ್ಸು ಬಿಚ್ಚಿ ಮಾತನಾಡಲು ಬಂದವರು ತಾವು ತಕ್ಕಡಿಯಲ್ಲಿರುವೆವೆಂದು ಅರಿತಿದ್ದರು; ತಕ್ಕಡಿಯ ಕಲ್ಲೇ ಬದಲಾಗಿದೆಯೆಂದು ಅರಿತಿರಲಿಲ್ಲ.

ಈಗ ಬೆಲೆಯ ಮಾತು. ಪ್ರಣಯಕ್ಕಾಗಿ ಹಣ ಕೊಡುವುದು ಎಂದಿಗೂ ತಕ್ಕದ್ದಲ್ಲವೆಂದು ವಾದಿಸುವ ಲೇಖನವೊಂದನ್ನು ಈ ತಾಣವು 2010ರಲ್ಲಿ ಪ್ರಕಟಿಸಿತ್ತು. 2011ರ ಫೆಬ್ರವರಿಯಲ್ಲಿ, ಹಣ ಪಡೆದೇ ವ್ಯವಹರಿಸುವ ಮ್ಯಾಚ್ ಸಂಸ್ಥೆಯು 5 ಕೋಟಿ ಡಾಲರುಗಳಿಗೆ ತಾಣವನ್ನು ಕೊಂಡುಕೊಂಡಿತು, ಲೇಖನವು ಕಣ್ಮರೆಯಾಯಿತು. ಕಾಸು ಕೊಡದ ಜನರ ಕೂಟಕ್ಕೆ ಕೋಟಿಗಟ್ಟಲೆ ಬೆಲೆ ಹೇಗೆ ಬಂದಿತು? ಸಂತೆಯಲ್ಲಿ ಕಟ್ಟೆಯ ಸುಂಕವಿಲ್ಲದಿದ್ದರೂ ಸೇರಿದ ಜನವೇ ಸಂತೆಯ ಬೆಲೆಯಷ್ಟೆ. ಮತ, ರಾಜಕೀಯ, ದಾಂಪತ್ಯದ ಗುಟ್ಟುಗಳನ್ನು ಕುರಿತು ಸದಸ್ಯರು ಕೊಟ್ಟ ಉತ್ತರಗಳು ಆ ಸಂತೆಯ ಸರಕು.

ಆ ಸರಕು ಬೀದಿಪಾಲಾಗುವ ಅಪಾಯವೂ ಉಂಟು. 2016ರ ಮೇ ತಿಂಗಳಲ್ಲಿ ಡೆನ್ಮಾರ್ಕಿನ ಕೆಲವರು ಸುಮಾರು 70,000 ಸದಸ್ಯರ ಉತ್ತರಗಳನ್ನು ಅವರು ತಾಣದಲ್ಲಿ ಇಟ್ಟುಕೊಂಡಿದ್ದ ಹೆಸರುಗಳ ಸಹಿತ, ಯಾರ ಅನುಮತಿಯನ್ನೂ ಕೇಳದೆ, ಸಂಶೋಧನೆಯ ಹೆಸರಿನಲ್ಲಿ ಪ್ರಕಟಿಸಿದರು. ತಾಣದವರು ಆಕ್ಷೇಪಿಸಿದ ಮೇಲೆ ಅವನ್ನು ಹಿಂದೆಗೆಯಲಾಯಿತು. ಆದರೆ ಆಡಿದ ಮಾತನ್ನೂ ಒಡೆದ ಮುತ್ತನ್ನೂ ಹಿಂದಕ್ಕೆ ಪಡೆದವರುಂಟೆ?

ಇದೆಲ್ಲವೂ ದೂರದೇಶದ ಸುದ್ದಿಯಲ್ಲ. 2018ರಲ್ಲಿ ಇದೇ ತಾಣವು ಭಾರತದ ತರುಣ ತರುಣಿಯರನ್ನು ಕರೆಯುವ ಜಾಹೀರಾತುಗಳನ್ನು ಹೊರಡಿಸಿತು. ಅದಕ್ಕೆ ಮುಂಚಿನ ವರ್ಷವೇ, 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು, ಸಮ್ಮತಿಯು ಸ್ವತಂತ್ರವೂ ನಿರ್ದಿಷ್ಟವೂ ವಿಷಯವನ್ನು ತಿಳಿದು ಕೊಟ್ಟದ್ದೂ ಆಗಿರಬೇಕೆಂದು ವಿಧಿಸುತ್ತದೆ.

ಕಾಯಿದೆಯ ಅಕ್ಷರಕ್ಕೆ ಜೀವ ಬರಬೇಕಾದರೆ ಅಧಿಕಾರಿಗಳಲ್ಲಿ ದಕ್ಷತೆಯೂ ಜನರಲ್ಲಿ ಪ್ರಶ್ನಿಸುವ ಅಭ್ಯಾಸವೂ ಬೇಕು. ಹೆತ್ತವರ ನಿರ್ಬಂಧವಿಲ್ಲದೆ, ಜಾತಿಯ ಗೋಡೆಯನ್ನು ದಾಟಿ ಸಂಗಾತಿಯನ್ನು ಅರಸಲು ಇಂತಹ ತಾಣಗಳು ಅವಕಾಶವನ್ನು ಕಲ್ಪಿಸುವುದು ನಿಜ. ಅವುಗಳನ್ನು ಮುಚ್ಚಿಸಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ವಧುವಿನ ಕುಲಗೋತ್ರಗಳನ್ನು ಹತ್ತು ಕಡೆ ವಿಚಾರಿಸುವ ಸಮಾಜವು ಮಧ್ಯಸ್ಥನ ಕುಲಗೋತ್ರವನ್ನೂ ಒಮ್ಮೆ ವಿಚಾರಿಸಲಿ ಎಂಬುದಿಷ್ಟೇ ನಮ್ಮ ಸೂಚನೆ.