ಹಳೇ ಪಿಯಾನೊ: ಪಾಲಿಶ್‌ಗೆ ಮರುಳಾಗಬೇಡಿ!

‘ಅಮ್ಮಾ, ನಂಗೂ ಪಿಯಾನೊ ಬೇಕು...’ ಮಗಳು ಹೀಗೆ ರಾಗ ಎಳೆದರೆ ಯಾವ ತಾಯಿಯ ಮನಸ್ಸು ಕರಗುವುದಿಲ್ಲ ಹೇಳಿ? ಆದರೆ ಹೊಸದರ ಬೆಲೆ ಕೇಳಿದರೆ ತಲೆ ಗಿರ್ರನೆ ತಿರುಗುತ್ತದೆ. ಅಷ್ಟರಲ್ಲಿ ಯಾರದೋ ಹಳೇ ಮನೆಯಲ್ಲಿ, ಗೋಡೆಗೆ ತಾಗಿಸಿ ಇಡುವ ‘ಅಪ್‌ರೈಟ್’ ಪಿಯಾನೊ ಮಾರಾಟಕ್ಕಿದೆ ಎಂಬ ಸುದ್ದಿ ಬರುತ್ತದೆ. ಮರ ಫಳಫಳ, ಬೆಲೆಯೂ ಕಡಿಮೆ. ಮುಂಗಡ ಕೊಟ್ಟೇಬಿಡೋಣ ಅನಿಸುತ್ತದಲ್ವಾ? ಸ್ವಲ್ಪ ತಾಳಿ!

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಗೃಹಿಣಿಯರು ಮೊದಲು ನೆನಪಿಡಬೇಕಾದದ್ದು ನಮ್ಮೂರ ಮಳೆಯನ್ನು. ಪಿಯಾನೊದ ಒಳಗಿರುವುದು ಮರ, ಉಣ್ಣೆಯ ಫೆಲ್ಟ್ ಮತ್ತು ಇನ್ನೂರಕ್ಕೂ ಹೆಚ್ಚು ಉಕ್ಕಿನ ತಂತಿ. ಮಳೆಗಾಲದ ತೇವಕ್ಕೆ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಶ್ರುತಿ ಏರಿಳಿಯುತ್ತದೆ, ಕೀಲಿಗಳು ಅಂಟಿಕೊಳ್ಳುತ್ತವೆ, ತಂತಿಗೆ ತುಕ್ಕು ಹಿಡಿಯುತ್ತದೆ. ನೆರೆ ನೀರು ಹೊಕ್ಕ ಮನೆಯದಾದರಂತೂ ಕೇಳುವುದೇ ಬೇಡ. 1974ರಲ್ಲಿ ಬಂಟ್ವಾಳ, 2019ರಲ್ಲಿ ಬೆಳ್ತಂಗಡಿ ಕಂಡ ನೆರೆ ನೆನಪಿದೆಯಲ್ಲ? ‘ಇದು ಇಷ್ಟು ವರ್ಷ ಎಲ್ಲಿತ್ತು?’ ಎಂದು ಕೇಳಲು ಸಂಕೋಚ ಬೇಡ.

ನೋಡಲು ಹೋದಾಗ...

* 52 ಬಿಳಿ, 36 ಕಪ್ಪು, ಒಟ್ಟು 88 ಕೀಲಿಗಳನ್ನೂ ಒಂದೊಂದಾಗಿ ಮೆಲ್ಲಗೆ, ಆಮೇಲೆ ಜೋರಾಗಿ ಒತ್ತಿ. ಒತ್ತಿದ್ದು ತಟ್ಟನೆ ಮೇಲೆ ಬರಬೇಕು.

* ಮೇಲಿನ ಮುಚ್ಚಳ ತೆರೆಸಿ, ಟಾರ್ಚ್ ಬಿಟ್ಟು ನೋಡಿ. ತುಕ್ಕು, ನುಸಿ ತಿಂದ ಫೆಲ್ಟ್, ಇಲಿ ಹಿಕ್ಕೆ, ಗೆದ್ದಲಿನ ಮಣ್ಣು ಕಂಡರೆ ಎಚ್ಚರ! ಕಬ್ಬಿಣದ ಚೌಕಟ್ಟಿನ ಮೇಲೆ ಕ್ರಮಸಂಖ್ಯೆ ಇದ್ದರೆ ಬರೆದುಕೊಳ್ಳಿ. ಯಮಹಾದಂಥ ಕಂಪನಿಯದಾದರೆ ತಯಾರಾದ ವರ್ಷ ಅದರಿಂದಲೇ ತಿಳಿಯುತ್ತದೆ.

* ಮೊಬೈಲ್‌ನ ಟ್ಯೂನರ್ ಆ್ಯಪ್‌ನಲ್ಲಿ ಮಧ್ಯದ ‘ಎ’ ಸ್ವರ ಪರೀಕ್ಷಿಸಿ. 440ರ ಆಸುಪಾಸಿನಲ್ಲಿರಬೇಕು. ತೀರಾ ಕೆಳಗಿದ್ದರೆ, ಏರಿಸುವಾಗ ಹಳೇ ತಂತಿ ತುಂಡಾಗಬಹುದು.

* ಎಲ್ಲಕ್ಕಿಂತ ಮುಖ್ಯ, ತಂತಿ ಸುತ್ತಿದ ಪಿನ್‌ಗಳು. ಅವು ಮರದಲ್ಲಿ ಬಿಗಿಯಾಗಿ ಕೂತಿದ್ದರಷ್ಟೇ ಶ್ರುತಿ ನಿಲ್ಲುತ್ತದೆ. ಇದು ನಮ್ಮ ಕಣ್ಣಿಗೆ ಕಾಣುವಂಥದ್ದಲ್ಲ. ಶ್ರುತಿ ಮಾಡುವವರನ್ನು ಖರ್ಚು ಕೊಟ್ಟಾದರೂ ಕರೆದೊಯ್ಯಿರಿ. ಪಿನ್ ಸಡಿಲವಿದ್ದರೆ, ಪುಕ್ಕಟೆ ಕೊಟ್ಟರೂ ಬೇಡ!

ನ್ಯಾಯವಾದ ಬೆಲೆ ಎಷ್ಟು?

ಅಂಗಡಿಯಲ್ಲಿ ಅದೇ ಮಾದರಿಯ, ರಿಪೇರಿ ಮಾಡಿದ ಹಳೇ ಪಿಯಾನೊದ ಬೆಲೆ ವಿಚಾರಿಸಿ. ಅದರಲ್ಲಿ ರಿಪೇರಿ, ಸಾಗಾಟ, ಮೊದಲ ಎರಡು ಶ್ರುತಿಯ ಖರ್ಚು ಕಳೆಯಿರಿ. ಉಳಿದದ್ದೇ ನಿಮ್ಮ ಗರಿಷ್ಠ ಬೆಲೆ. ಇನ್ನೂರು ಕಿಲೋಗೂ ಮಿಕ್ಕಿದ ಭಾರ ಅದು, ಮಹಡಿ ಮನೆಯಾದರೆ ಸಾಗಿಸುವ ಕೂಲಿ ಇನ್ನಷ್ಟು ಹೆಚ್ಚು. ವರ್ಷಕ್ಕೆ ಎರಡು ಸಲ ಶ್ರುತಿ ಮಾಡಿಸಬೇಕು. ಅದಕ್ಕೆ ಮಂಗಳೂರಿನಿಂದಲೋ ಬೆಂಗಳೂರಿನಿಂದಲೋ ಜನ ಬರಬೇಕಾದರೆ ಆ ಪ್ರಯಾಣದ ಖರ್ಚೂ ನಿಮ್ಮದೇ.

ಲೆಕ್ಕ ಕೂಡಿ ಬರಲಿಲ್ವಾ? ಬೇಸರ ಬೇಡ. 88 ಭಾರದ ಕೀಲಿಗಳಿರುವ ಡಿಜಿಟಲ್ ಪಿಯಾನೊಗೆ ಶ್ರುತಿಯ ಗೋಜಿಲ್ಲ. ಇಯರ್‌ಫೋನ್ ಹಾಕಿದರೆ ನೆರೆಮನೆಯವರಿಗೂ ತೊಂದರೆಯಿಲ್ಲ. ಕಲಿಕೆಯ ಮೊದಲ ವರ್ಷಗಳಿಗೆ ಅದು ಧಾರಾಳ ಸಾಕು.

ಮನೆಗೆ ತಂದಿರಾದರೆ ಕಿಟಕಿ, ಅಡುಗೆಮನೆ, ಮಳೆನೀರು ತಾಗುವ ಹೊರಗೋಡೆಯಿಂದ ದೂರವಿಡಿ.

ಶ್ರುತಿ ತಪ್ಪಿದ ವಾದ್ಯದಲ್ಲಿ ಕಲಿತರೆ ಮಗುವಿನ ಕಿವಿ ಅದಕ್ಕೇ ಒಗ್ಗಿಬಿಡುತ್ತದೆ. ಇಲ್ಲವೇ ಬೇಸತ್ತು, ಆರೇ ತಿಂಗಳಲ್ಲಿ ಪಿಯಾನೊ ಮೇಲೆ ಹೂದಾನಿ ಬಂದು ಕೂರುತ್ತದೆ! ನಮಗೆ ಬೇಕಾದದ್ದು ನಡುಮನೆಯ ಅಲಂಕಾರವಲ್ಲ, ಮಗುವಿನ ಸಂಗೀತ. ಏನಂತೀರಿ?