ಬಾಣಂತಿ ಕೋಣೆಯಲ್ಲಿ ಅಪ್ಪನಿಗೂ ಜಾಗ ಕೊಡಿ

ನನ್ನ ಮೊದಲ ಬಾಣಂತನ ಆಗಿದ್ದು ತಿಪಟೂರಿನ ತವರಿನಲ್ಲಿ. ನಮ್ಮ ಯಜಮಾನರು ಪ್ರತಿ ಶನಿವಾರ ಬೆಂಗಳೂರಿನಿಂದ ರೈಲಿಗೆ ಬರೋರು. ಅಮ್ಮ ಅಳಿಯನಿಗೆ ಹಾಲ್‌ನಲ್ಲಿ ಕುರ್ಚಿ ಹಾಕಿ, ಕಾಫಿ ಕೊಟ್ಟು ಉಪಚಾರ ಮಾಡೋರು. ಮಗುವನ್ನು ಹತ್ತು ನಿಮಿಷ ತಂದು ತೋರಿಸಿ ಮತ್ತೆ ಒಳಗೆ! ಇವರು ಕೈ ಚಾಚಿದರೆ ಅಜ್ಜಿ, "ಬೇಡಪ್ಪಾ, ಕತ್ತು ಇನ್ನೂ ನಿಂತಿಲ್ಲ, ನಿಮಗೆ ಗೊತ್ತಾಗಲ್ಲ" ಅನ್ನೋರು. ಭಾನುವಾರ ಸಂಜೆ ವಾಪಸ್ ರೈಲು.

ಐದು ತಿಂಗಳಿಗೆ ಬೆಂಗಳೂರಿಗೆ ಬಂದೆವು. ಅಪ್ಪ ಎತ್ತಿಕೊಂಡರೆ ಸಾಕು, ಮಗಳು ಕಿರುಚಿ ಅಳೋಳು. "ನಿಮಗೆ ಮಗು ಎತ್ತಿಕೊಳ್ಳೋಕೂ ಬರಲ್ವಾ?" ಅಂತ ರೇಗಿದ್ದೆ. ಅವರು ಸುಮ್ಮನೆ ಬಾಲ್ಕನಿಗೆ ಹೋಗಿ ನಿಂತರು. ಅವರಿಗೆ ಕಲಿಯೋಕೆ ನಾವು ಬಿಟ್ಟಿದ್ದಾದರೂ ಯಾವಾಗ ಅಂತ ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ಎರಡನೆಯ ಬಾಣಂತನ ನಮ್ಮ ಮನೆಯಲ್ಲೇ ಆಗಲಿ ಅಂದೆ. ಅಮ್ಮನೇ ಇಲ್ಲಿಗೆ ಬಂದರು. ಈ ಸಲ ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಜೊತೆಗೆ ಬರುವುದು, ಕಬ್ಬಿಣಾಂಶದ ಮಾತ್ರೆ ನೆನಪಿಸುವುದು ಎಲ್ಲ ಅವರ ಕೆಲಸ. ಕೇಂದ್ರ ಸರ್ಕಾರದ ಪುರುಷ ನೌಕರರಿಗೆ ಮೊದಲ ಎರಡು ಮಕ್ಕಳಿಗೆ 15 ದಿನಗಳ ಪಿತೃತ್ವ ರಜೆ ಇದೆ. ಹೆರಿಗೆಗೆ 15 ದಿನ ಮುಂಚಿನಿಂದ ಹಿಡಿದು, ಹೆರಿಗೆಯಾಗಿ 6 ತಿಂಗಳೊಳಗೆ ಅದನ್ನು ತೆಗೆದುಕೊಳ್ಳಬಹುದು. ಇವರು ರಜೆ ಕೇಳಿದಾಗ ಜೊತೆಯವರು "ಹೆರೋದು ನೀನಾ?" ಅಂತ ನಕ್ಕರಂತೆ. ಖಾಸಗಿ ಕಂಪನಿಯಲ್ಲಿರೋ ನನ್ನ ತಮ್ಮನಂಥವರಿಗೆ ಆ ರಜೆಯೂ ಕಂಪನಿಯವರ ಮರ್ಜಿ.

ಹಾಲುಣಿಸುವುದೊಂದು ಬಿಟ್ಟು ಉಳಿದದ್ದನ್ನೆಲ್ಲ ಅಪ್ಪ ಮಾಡಬಹುದು. ಹಾಲು ಕುಡಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸುವುದು, ಒದ್ದೆ ಬಟ್ಟೆ ಬದಲಿಸುವುದು, ಎದೆಗೆ ಅವಚಿಕೊಂಡು ಮಲಗಿಸುವುದು. ಕಡಿಮೆ ತೂಕದ ಮಗುವಿಗೆ ಬರಿ ಮೈಗೆ ಮೈ ತಾಗಿಸಿ ಬೆಚ್ಚಗಿಡುವ 'ಕಾಂಗರೂ' ಆರೈಕೆಯನ್ನೂ ಅಪ್ಪ ಕೊಡಬಹುದು. ಮೊದಲೆರಡು ದಿನ ಇವರ ಕೈ ನಡುಗುತ್ತಿತ್ತು. ಅಮ್ಮ ಪಕ್ಕದಲ್ಲಿ ನಿಂತು, "ತಲೆ ಕೆಳಗೆ ಕೈ ಕೊಡಿ, ಹಾಂ, ಹಾಗೆ" ಅಂತ ಹೇಳಿಕೊಟ್ಟರು.

ಹತ್ತನೆಯ ದಿನ ನನಗೆ ಕಾರಣವಿಲ್ಲದೆ ಅಳು. ಅಮ್ಮ "ಬಾಣಂತಿ ಅಳಬಾರದು, ಕಣ್ಣಿಗೆ ಕೆಟ್ಟದ್ದು" ಅಂದರು. ಇವರು ಮಾತ್ರ "ನಿದ್ದೆ ಮಾಡು, ಮಗು ನಾನು ನೋಡ್ಕೋತೀನಿ" ಅಂತ ಬಾಗಿಲು ಎಳೆದುಕೊಂಡು ಹೋದರು. ಡಾಕ್ಟರಿಗೂ ಫೋನ್ ಮಾಡಿ ಕೇಳಿದರು. ಹೆರಿಗೆಯಾದ ಹೊಸದರಲ್ಲಿ ಇಂಥ ಅಳು ಸಹಜ, ಎರಡು ವಾರ ದಾಟಿದರೂ ಮಂಕು ಹೋಗದಿದ್ದರೆ ಕರೆದುಕೊಂಡು ಬನ್ನಿ ಅಂದರಂತೆ. ಇಂಥದ್ದಕ್ಕೆ ಸರ್ಕಾರದ ಟೆಲಿ ಮಾನಸ್ 14416 ಉಚಿತ ಸಹಾಯವಾಣಿಯೂ ಇದೆ. ಅಪ್ಪಂದಿರೂ ಕರೆ ಮಾಡಬಹುದು. ಸಾಲ, ಕೆಲಸ, ನಿದ್ದೆಗೇಡು ಅವರಿಗೂ ಇರುತ್ತಲ್ಲ! "ನೀನು ಹೇಗಿದ್ದೀಯಪ್ಪಾ?" ಅಂತ ಅವರನ್ನು ಕೇಳೋರು ಯಾರು?

ಜೂನ್ ಮೂರನೆಯ ಭಾನುವಾರ ಅಪ್ಪಂದಿರ ದಿನ ಅಂತ ಶರ್ಟ್ ಕೊಡಿಸ್ತೀವಿ. ಕೊಡಿಸೋಣ, ಬೇಡ ಅನ್ನಲ್ಲ. ಆದರೆ ಅತ್ತೆಯಂದಿರೇ, ಅಮ್ಮಂದಿರೇ, ಮುಂದಿನ ಸಲ ಅಳಿಯ ಬಂದಾಗ ಹಾಲ್‌ನಲ್ಲಿ ಕುರ್ಚಿ ಹಾಕಬೇಡಿ. ಕೈ ತೊಳೆದುಕೊಳ್ಳೋಕೆ ಹೇಳಿ, ಮಗುವನ್ನು ತೋಳಿಗೆ ಕೊಡಿ. ನಮ್ಮ ಮಗ ಈಗಲೂ ರಾತ್ರಿ ಎಚ್ಚರವಾದರೆ ಮೊದಲು ಕೂಗೋದು "ಅಪ್ಪಾ" ಅಂತಲೇ.